ಓದುಗರ ಪ್ರಶ್ನೋತ್ತರ: ಪ್ರೊಗ್ರೆಸಿವ್ ಮೆಟಲ್‌ನ ಲೆಕ್ಕ ಮತ್ತು ಅದರ ಅಭಿಮಾನಿಗಳು

ಸಂಗೀತವನ್ನು ಕುರಿತ ಈ ಅಂಕಣಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬರುವ ಪತ್ರಗಳು ಸಾಮಾನ್ಯವಾಗಿ ಕರ್ನಾಟಕ ಸಂಗೀತ, ಸುಗಮ ಸಂಗೀತ ಅಥವಾ ಹಳೆಯ ಚಿತ್ರಗೀತೆಗಳ ಸುತ್ತಲೇ ಇರುತ್ತವೆ. ಈ ಬಾರಿ ಬಂದ ಹಲವು ಪತ್ರಗಳು ಪ್ರೊಗ್ರೆಸಿವ್ ಮೆಟಲ್ (ದೀರ್ಘ ರಚನೆ, ಜಟಿಲ ತಾಳಗಳ ಗಟ್ಟಿ ರಾಕ್ ಸಂಗೀತ) ಎಂಬ ಒಂದೇ ವಿಷಯವನ್ನು ಕೇಳಿರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನೂ ನನ್ನ ಹಾಸ್ಟೆಲ್ ಗೆಳೆಯರೂ ಡ್ರೀಮ್ ಥಿಯೇಟರ್ ತಂಡದ ಅಭಿಮಾನಿಗಳು. ಬೇರೆ ಬಗೆಯ ಮೆಟಲ್ ಕೇಳುವ ಸಹಪಾಠಿಗಳು ನಮ್ಮನ್ನು ‘ಲೆಕ್ಕದ ಮೇಷ್ಟ್ರುಗಳು’ ಎಂದು ಗೇಲಿ ಮಾಡುತ್ತಾರೆ. ಈ ಪ್ರಕಾರ ಹುಟ್ಟಿದ್ದು ಹೇಗೆ? ವಾದಕರ ಕೌಶಲಕ್ಕೆ ಇಲ್ಲಿ ಇಷ್ಟೊಂದು ಬೆಲೆ ಏಕೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಈ ಸಂಗೀತಕ್ಕೆ ಎರಡು ಕಡೆಯ ನಂಟಿದೆ. ಒಂದು, 1969ರಲ್ಲಿ ತನ್ನ ಮೊದಲ ಆಲ್ಬಂ ಹೊರತಂದ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಮತ್ತು ಅದರ ಸಮಕಾಲೀನರಾದ ಯೆಸ್, ಜೆನೆಸಿಸ್ ತಂಡಗಳ ಪ್ರೊಗ್ರೆಸಿವ್ ರಾಕ್. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಬಿಟ್ಟು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದಲೂ ಜಾಝ್‌ನಿಂದಲೂ ದೀರ್ಘ ರಚನೆಯ ಕ್ರಮವನ್ನು ಪಡೆದುಕೊಂಡವರು ಅವರು. ಇನ್ನೊಂದು, 1970ರಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂನೊಡನೆ ಗಟ್ಟಿಯಾಗಿ ಕೇಳಿಬಂದು ಮುಂದೆ ಐರನ್ ಮೇಡನ್‌ನಂಥವರ ಕೈಯಲ್ಲಿ ಬೆಳೆದ ಹೆವಿ ಮೆಟಲ್. ಈ ಎರಡನ್ನೂ ಹತ್ತಿರ ತಂದವರಲ್ಲಿ ಕೆನಡಾದ ರಶ್ ತಂಡ ಮುಖ್ಯವಾದುದು. 1976ರಲ್ಲಿ ಆ ಮೂವರು ಒಂದು ಎಲ್‌ಪಿಯ ಇಡೀ ಬದಿಯನ್ನು ಒಂದೇ ರಚನೆಗೆ ಮೀಸಲಿಟ್ಟರು. 1980ರ ದಶಕದಲ್ಲಿ ಅಮೆರಿಕದ ಕ್ವೀನ್ಸ್‌ರೈಕ್ ಮತ್ತು ಫೇಟ್ಸ್ ವಾರ್ನಿಂಗ್ ತಂಡಗಳು ಇದೇ ದಾರಿಯಲ್ಲಿ ನಡೆದವು.

ನಿಮ್ಮ ಮೆಚ್ಚಿನ ತಂಡ ಆರಂಭವಾದದ್ದು 1985ರಲ್ಲಿ, ಬೋಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ. ಗಿಟಾರ್‌ನ ಜಾನ್ ಪೆಟ್ರೂಚಿ, ಬೇಸ್ ಗಿಟಾರ್‌ನ ಜಾನ್ ಮ್ಯುಂಗ್ ಮತ್ತು ಡ್ರಮ್ಸ್‌ನ ಮೈಕ್ ಪೋರ್ಟ್‌ನಾಯ್ ಆಗ ಅಲ್ಲಿನ ವಿದ್ಯಾರ್ಥಿಗಳು. ಮೊದಲಿಗೆ ಅವರು ಇಟ್ಟುಕೊಂಡ ‘ಮೆಜೆಸ್ಟಿ’ ಎಂಬ ಹೆಸರು ಬೇರೊಂದು ತಂಡಕ್ಕೂ ಇದ್ದುದರಿಂದ ಅದನ್ನು ಬಿಡಬೇಕಾಯಿತು. ಈಗಿನ ಹೆಸರನ್ನು ಸೂಚಿಸಿದವರು ಪೋರ್ಟ್‌ನಾಯ್ ಅವರ ತಂದೆ, ಅದು ಕ್ಯಾಲಿಫೋರ್ನಿಯಾದ ಒಂದು ಚಿತ್ರಮಂದಿರದ ಹೆಸರು. 1992ರ ಅವರ ಎರಡನೆಯ ಆಲ್ಬಂ ಈ ಪ್ರಕಾರವನ್ನು ಜಗತ್ತಿನ ಕಿವಿಗೆ ಮುಟ್ಟಿಸಿತು.

ಕೌಶಲಕ್ಕೆ ಬೆಲೆ ಬಂದುದಕ್ಕೆ ಕಾರಣ ಈ ಮೂಲದಲ್ಲೇ ಇದೆ. ಸಂಗೀತವನ್ನು ಪಾಠವಾಗಿ ಕಲಿಯುತ್ತಿದ್ದವರು, ದಿನದ ಬಹುಪಾಲು ಅಭ್ಯಾಸದ ಕೋಣೆಯಲ್ಲಿ ಕಳೆಯುತ್ತಿದ್ದವರು ಕಟ್ಟಿದ ಸಂಗೀತ ಇದು. ಅದರ ಅಭಿಮಾನಿಗಳಲ್ಲೂ ಗಿಟಾರ್ ಅಥವಾ ಡ್ರಮ್ಸ್ ಕಲಿಯುತ್ತಿರುವವರು ಅನೇಕರು. ಕಲಿಯುವವನಿಗೆ ಕಷ್ಟ ಎಲ್ಲಿದೆಯೆಂದು ಗೊತ್ತಿರುತ್ತದೆ, ಆದ್ದರಿಂದ ಅವನ ಬೆರಗೂ ಖಚಿತವಾಗಿರುತ್ತದೆ. ಡ್ರೀಮ್ ಥಿಯೇಟರ್‌ನ 1999ರ ಆಲ್ಬಂನಲ್ಲಿ ಸುಮಾರು ಆರು ನಿಮಿಷದ ಒಂದು ವಾದ್ಯರಚನೆಯಿದೆ; ಅದರಲ್ಲಿ ತಾಳದ ಅಳತೆ ನೂರಕ್ಕೂ ಹೆಚ್ಚು ಬಾರಿ ಬದಲಾಗುವುದನ್ನು ಅಭಿಮಾನಿಗಳು ಒಂದೊಂದಾಗಿ ಎಣಿಸಿಟ್ಟಿದ್ದಾರೆ. ಹೀಗೆ ಎಣಿಸುವವರನ್ನು ಲೆಕ್ಕದ ಮೇಷ್ಟ್ರೆಂದು ಕರೆದರೆ ಅದು ಬೈಗುಳವಾಗುವುದಿಲ್ಲ. ಆದರೆ ಒಂದು ಮಾತು: ಅಲ್ಲಿ ಮೆಚ್ಚಬೇಕಾದದ್ದು ಬದಲಾವಣೆಗಳ ಸಂಖ್ಯೆಯನ್ನಲ್ಲ. ಅಷ್ಟು ಬಾರಿ ನೆಲ ಕದಲಿದರೂ ನಾಲ್ವರು ವಾದಕರು ಒಂದೇ ಕ್ಷಣದಲ್ಲಿ ಹೆಜ್ಜೆ ಊರುತ್ತಾರಲ್ಲ, ಅದನ್ನು. ಒಬ್ಬನ ಬೆರಳಿನ ವೇಗ ಒಂಟಿಯಾಗಿ ಸಾಧಿಸಬಹುದಾದ ವಿದ್ಯೆ. ಒಟ್ಟಿಗೆ ತಿರುಗುವುದು ತಂಡದ ವಿದ್ಯೆ.

ಪ್ರಶ್ನೆ: ನಾನು ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ನನ್ನ ಶಿಷ್ಯನೊಬ್ಬ ಈ ಸಂಗೀತವನ್ನು ಕೇಳಿಸಿ, ‘ಗುರುಗಳೇ, ಇದು ನಮ್ಮ ಮಿಶ್ರಚಾಪುವೇ’ ಎಂದು ವಾದಿಸುತ್ತಾನೆ. ಏಳು ಎಣಿಸಿದ ಮಾತ್ರಕ್ಕೆ ಎರಡೂ ಒಂದೇ ಆಗುತ್ತವೆಯೇ?
— ಸಂಗೀತ ಶಿಕ್ಷಕರು, ಅರಕಲಗೂಡು

ಉತ್ತರ: ತಾವಿರುವ ತಾಲ್ಲೂಕಿನಲ್ಲೇ ಕಾವೇರಿ ದಡದ ರುದ್ರಪಟ್ಟಣವಿದೆ, ಆರ್. ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರು ಹುಟ್ಟಿದ ಊರು, ರುದ್ರಪಟ್ಟಣ ಸಹೋದರರ ಊರು. ಅಂಥ ಕಡೆಯಿಂದ ಬಂದ ತಾಳದ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು.

ಎಣಿಕೆ ಒಂದೇ, ನಡಿಗೆ ಬೇರೆ. ಮಿಶ್ರಚಾಪುವಿನ ಏಳನ್ನು ನಾವು ‘ತಕಿಟ ತಕದಿಮಿ’ ಎಂದು, ಮೂರು ಮತ್ತು ನಾಲ್ಕಾಗಿ ಹೇಳುತ್ತೇವೆ. ಈ ಏಳು ಕನ್ನಡದ ಕಿವಿಗೆ ಸಂಗೀತ ಪಾಠಕ್ಕೂ ಮೊದಲೇ ಪರಿಚಿತ, ಏಕೆಂದರೆ ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಪ್ರತಿ ಸಾಲೂ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳನ್ನು ಒಂದಾದ ಮೇಲೊಂದರಂತೆ ಇಟ್ಟುಕೊಂಡು ಸಾಗುತ್ತದೆ. ಕಡೂರು ತಾಲ್ಲೂಕಿನ ದೇವನೂರಿನವನೆನಿಸಿದ ಲಕ್ಷ್ಮೀಶನ ವಾರ್ಧಕ ಷಟ್ಪದಿಯದು ಐದರ ನಡೆ. ಗಮಕಿಗಳ ವಾಚನ ಕೇಳಿ ಬೆಳೆದವರಿಗೆ ಐದೂ ಏಳೂ ಸಹಜವಾದ ಉಸಿರಾಟ. ಪಾಶ್ಚಾತ್ಯ ರಾಕ್ ಸಂಗೀತ ಮಾತ್ರ ಬಹುಪಾಲು ನಾಲ್ಕರ ಮೇಲೆ ನಿಂತಿದೆ. ಅಲ್ಲಿನ ಏಳು ಎಷ್ಟೋ ಕಡೆ ಎಂಟರಲ್ಲಿ ಒಂದನ್ನು ಕೊನೆಯಲ್ಲಿ ಕತ್ತರಿಸಿದಂತೆ, ಅಂದರೆ ನಾಲ್ಕು ಮತ್ತು ಮೂರರಂತೆ ಬರುತ್ತದೆ. ನಿರೀಕ್ಷಿಸಿದ ಪೆಟ್ಟು ಬೀಳುವ ಮೊದಲೇ ಮುಂದಿನ ಆವರ್ತ, ಅಂದರೆ ತಾಳದ ಮುಂದಿನ ಸುತ್ತು, ಆರಂಭವಾಗುವುದರಿಂದ ಕೇಳುಗ ಸ್ವಲ್ಪ ಮುಗ್ಗರಿಸುತ್ತಾನೆ, ಆ ಮುಗ್ಗರಿಕೆಯೇ ಅವರಿಗೆ ರುಚಿ.

ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ನಮ್ಮಲ್ಲಿ ಕೃತಿಯೊಂದು ಸಾಮಾನ್ಯವಾಗಿ ಒಂದು ತಾಳಕ್ಕೆ ಬದ್ಧವಾಗಿರುತ್ತದೆ. ಕೈಯಲ್ಲಿ ಹಾಕುವ ತಾಳ ಕದಲುವುದಿಲ್ಲ, ಲೆಕ್ಕಾಚಾರವೆಲ್ಲ ಅದರೊಳಗೇ ನಡೆದು ಕೊನೆಗೆ ಸಮಕ್ಕೋ (ಆವರ್ತದ ಮೊದಲ ಪೆಟ್ಟು) ಎತ್ತುಗಡೆಗೋ (ಹಾಡು ಎತ್ತಿಕೊಂಡ ಜಾಗ) ಬಂದು ಸೇರುತ್ತದೆ. ಡ್ರೀಮ್ ಥಿಯೇಟರ್‌ನಂಥ ತಂಡದಲ್ಲಿ ಆವರ್ತದ ಉದ್ದವೇ ಬದಲಾಗುತ್ತಾ ಹೋಗುತ್ತದೆ, ಕೈಯಲ್ಲಿ ತಾಳ ಹಾಕುತ್ತಾ ಕೂತವರಿಗೆ ಅಲ್ಲಿ ಆಸರೆಯಿಲ್ಲ. ತಮ್ಮ ಶಿಷ್ಯನ ವಾದಕ್ಕೆ ನಿಜವಾದ ಬಲ ಸಿಗುವುದು ಸ್ವೀಡನ್ನಿನ ಮೆಶುಗ್ಗಾ ತಂಡದಲ್ಲಿ. 1987ರಲ್ಲಿ ಆರಂಭವಾದ ಈ ತಂಡದ ಡ್ರಮ್ಸ್ ವಾದಕ ಟೋಮಸ್ ಹಾಕೆ ಒಂದು ಕೈಯಿಂದ ಸಿಂಬಲ್ ಮೇಲೆ ನಾಲ್ಕನ್ನು ಬಿಡದೆ ಹಿಡಿದಿರುತ್ತಾರೆ. ಅದೇ ಹೊತ್ತಿನಲ್ಲಿ ಅವರ ಕಾಲುಗಳೂ ಎಂಟು ತಂತಿಯ ಗಿಟಾರ್‌ಗಳೂ ಬೇರೆ ಉದ್ದದ ಒಂದು ಸೊಲ್ಲನ್ನು, ಅಂದರೆ ಲಯದ ತುಣುಕನ್ನು, ಮತ್ತೆ ಮತ್ತೆ ಹೇಳುತ್ತಿರುತ್ತವೆ. ಎಂಟು ಪೆಟ್ಟಿನ ಆದಿತಾಳದ ಎರಡು ಆವರ್ತವೆಂದರೆ, ಪೆಟ್ಟಿಗೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ 64 ಮಾತ್ರೆ ಎಂದಿಟ್ಟುಕೊಳ್ಳಿ: ಏಳರ ಸೊಲ್ಲು ಒಂಬತ್ತು ಸಲ ಬಂದರೆ 63, ಉಳಿದ ಒಂದನ್ನು ಕೊನೆಯ ಸಲದಲ್ಲಿ ಸೇರಿಸಿಕೊಂಡರೆ ಎಲ್ಲರೂ ಸಮದಲ್ಲಿ ಕೂಡುತ್ತಾರೆ. ಇಂಥ ಹೊಂದಿಕೆಯೇ ಅವರ ಬಹುತೇಕ ರಚನೆಗಳ ಗುಟ್ಟು, ಮತ್ತು ಇದನ್ನು ಮುಕ್ತಾಯದ ಲೆಕ್ಕ ಕಟ್ಟುವ ಯಾವ ಲಯವಾದ್ಯಗಾರರಿಗೂ ವಿವರಿಸಬೇಕಾಗಿಲ್ಲ.

ಇನ್ನೊಂದು ಉದಾಹರಣೆ ತಮಗೆ ಖುಷಿ ಕೊಡಬಹುದು. ರಶ್ ತಂಡದ 1981ರ ಆಲ್ಬಂನ ಒಂದು ವಾದ್ಯರಚನೆ ಟೊರಾಂಟೊ ವಿಮಾನ ನಿಲ್ದಾಣದ ಸಂಕೇತಾಕ್ಷರಗಳಾದ ‘ವೈ, ವೈ, ಝಡ್’ಗಳ ಮೋರ್ಸ್ ತಂತಿಲಿಪಿಯಿಂದ ಆರಂಭವಾಗುತ್ತದೆ. ಗೆರೆಯನ್ನು ಗುರು ಎಂದೂ ಚುಕ್ಕೆಯನ್ನು ಲಘು ಎಂದೂ ಇಟ್ಟು ಪ್ರಸ್ತಾರ ಹಾಕಿದರೆ ಗುರು-ಲಘು-ಗುರು-ಗುರು ಎರಡು ಸಲ, ಆಮೇಲೆ ಗುರು-ಗುರು-ಲಘು-ಲಘು. ಅಂದರೆ ಏಳು, ಏಳು, ಆರು, ಒಟ್ಟು ಇಪ್ಪತ್ತು ಮಾತ್ರೆ. ಅವರು ಅದನ್ನು ಐದು ಪೆಟ್ಟಿನ ಆವರ್ತವಾಗಿ ನುಡಿಸುತ್ತಾರೆ. ಶಿಷ್ಯನಿಗೆ ಇದನ್ನು ಸೊಲ್ಲುಕಟ್ಟಿನಲ್ಲಿ ಬಾಯಿಯಲ್ಲಿ ಹೇಳಿಸಿ, ತಾವು ಐದರ ತಾಳ ಹಾಕಿ ನೋಡಿ. ಪಾಠವೂ ಆಗುತ್ತದೆ, ವಾದವೂ ತೀರುತ್ತದೆ.

ಪ್ರಶ್ನೆ: ಪೆಟ್ರೂಚಿ ದೊಡ್ಡವರೋ, ಅನಿಮಲ್ಸ್ ಆ್ಯಸ್ ಲೀಡರ್ಸ್‌ನ ಟೋಸಿನ್ ಅಬಾಸಿ ದೊಡ್ಡವರೋ? ಪೋರ್ಟ್‌ನಾಯ್, ಮಾಂಜಿನಿ ಇಬ್ಬರಲ್ಲಿ ಯಾರು ಮೇಲು? ದಯವಿಟ್ಟು ನುಣುಚಿಕೊಳ್ಳದೆ ಉತ್ತರಿಸಿ.
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಗಿಟಾರ್ ವಿಷಯದಲ್ಲಿ ಹೋಲಿಕೆಯೇ ಕೂಡುವುದಿಲ್ಲ. ಪೆಟ್ರೂಚಿಯವರದು ಒಂದೊಂದು ಸ್ವರಕ್ಕೂ ತಂತಿ ಮೀಟುವ ಪಿಕ್ ಅನ್ನು ಮೇಲೆ ಕೆಳಗೆ ಆಡಿಸಿ ಎಳೆಯಾಗಿ ಬಿಡಿಸುವ ರಾಗಪ್ರಧಾನ ವಾದನ. ಅಬಾಸಿಯವರು ಎಂಟು ತಂತಿಯ ಗಿಟಾರನ್ನು ಹೆಬ್ಬೆರಳಿನಿಂದ ಬಡಿದು ಅರ್ಧ ತಾಳವಾದ್ಯವನ್ನಾಗಿಯೇ ಮಾಡಿದ್ದಾರೆ. ನಮ್ಮ ಒಲವು ಮೊದಲನೆಯವರ ಕಡೆಗೆ, ಅದೂ ಅವರು ನಿಧಾನವಾಗಿ ನುಡಿಸುವಾಗ.

ಡ್ರಮ್ಸ್‌ನ ಜಗಳಕ್ಕೆ ಒಂದು ಇತಿಹಾಸವಿದೆ. 2010ರಲ್ಲಿ ಪೋರ್ಟ್‌ನಾಯ್ ಡ್ರೀಮ್ ಥಿಯೇಟರನ್ನು ಬಿಟ್ಟಾಗ ಏಳು ಮಂದಿ ವಾದಕರನ್ನು ಪರೀಕ್ಷಿಸಲಾಯಿತು. ಅದನ್ನು ಚಿತ್ರೀಕರಿಸಿ ತೋರಿಸಿದ್ದರಿಂದ ಅಭಿಮಾನಿಗಳೆಲ್ಲರೂ ಪರೀಕ್ಷಕರಾದರು. ಆಯ್ಕೆಯಾದ ಮೈಕ್ ಮಾಂಜಿನಿ ಆಗ ಬರ್ಕ್ಲೀಯಲ್ಲೇ ಅಧ್ಯಾಪಕರು, ವೇಗದ ಸ್ಪರ್ಧೆಗಳಲ್ಲಿ ದಾಖಲೆ ಮಾಡಿದ್ದವರು. ತಂಡಕ್ಕೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಅವರಿದ್ದ ಕಾಲದಲ್ಲಿ. 2023ರಲ್ಲಿ ಪೋರ್ಟ್‌ನಾಯ್ ಮರಳಿದರು. ಕೈಚಳಕದಲ್ಲಿ ಮಾಂಜಿನಿ ಮೇಲು. ಹಾಡಿಗೆ ಎಲ್ಲಿ ಏನು ಬೇಕೆಂಬ ವಿವೇಕದಲ್ಲಿ ಪೋರ್ಟ್‌ನಾಯ್ ಮೇಲು. ನುಣುಚಿಕೊಳ್ಳಬಾರದೆಂದಿರಿ, ಆದ್ದರಿಂದ ಹೇಳುತ್ತೇವೆ: ನಮ್ಮ ಮತ ಪೋರ್ಟ್‌ನಾಯ್‌ಗೆ. ಆದರೆ ಇಂಥ ಜಗಳಗಳಲ್ಲಿ ಯಾರೂ ಹೆಸರೆತ್ತದ ಜಾನ್ ಮ್ಯುಂಗ್ 1985ರಿಂದ ತಂಡದಲ್ಲಿದ್ದು, ಅಷ್ಟೂ ಬದಲಾವಣೆಗಳ ಕೆಳಗೆ ಬೇಸ್ ಹಿಡಿದು ನಿಂತಿದ್ದಾರೆ. ಅಭಿಮಾನದ ಒಂದು ಪಾಲು ಅವರಿಗೂ ಸಲ್ಲಬೇಕು.

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ಕೋಣೆಯ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಹಾಕಿ ಗಂಟೆಗಟ್ಟಲೆ ಈ ಸಂಗೀತ ಕೇಳುತ್ತಾನೆ, ಜೊತೆಗೆ ಆ ಘರ್ಜಿಸುವ ದನಿಯಲ್ಲಿ ತಾನೂ ಹಾಡಲು ಹೊರಟಿದ್ದಾನೆ. ಗಂಟಲು, ಕಿವಿ ಎರಡೂ ಹಾಳಾಗುತ್ತವೆಂಬ ಭಯ ನನಗೆ.
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅಮ್ಮ, ಹೆಚ್ಚು ಗಮನ ಬೇಕಾದದ್ದು ಕಿವಿಗೆ. ದುಡಿಮೆಯ ಸ್ಥಳಗಳಿಗಾಗಿ ತಜ್ಞರು ಹೇಳುವ ಮಿತಿಯ ಪ್ರಕಾರ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು, ಆಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸುಮಾರು ಕಾಲು ಗಂಟೆ ಮಾತ್ರ. ಒಮ್ಮೆ ಹೋದ ಒಳಕಿವಿಯ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ಶಬ್ದವನ್ನು ಇಳಿಸಿ, ನಡುವೆ ಬಿಡುವು ಕೊಟ್ಟು ಕೇಳಲು ಹೇಳಿ. ಕಾರ್ಯಕ್ರಮಗಳಿಗೆ ಹೋಗುವಾಗ ಇಯರ್‌ಪ್ಲಗ್ ಕೊಡಿಸಿ. ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ ವೈದ್ಯರಿಗೆ ತೋರಿಸಿ.

ಘರ್ಜನೆಯ ದನಿ ಬರಿಯ ಕಿರುಚಾಟವಲ್ಲ, ಅದೊಂದು ಕಲಿತ ವಿದ್ಯೆ. ಬಲ್ಲವರು ಧ್ವನಿತಂತುಗಳನ್ನು ಉಜ್ಜದೆ, ಅವುಗಳ ಮೇಲಿರುವ ಮಡಿಕೆಗಳನ್ನು ಉಸಿರಿನ ಬಲದಿಂದ ಕಂಪಿಸುತ್ತಾರೆ. ಸ್ವೀಡನ್ನಿನ ಓಪೆತ್ ತಂಡದ ಮಿಕಾಯೆಲ್ ಓಕರ್‌ಫೆಲ್ಟ್ ಒಂದೇ ಹಾಡಿನಲ್ಲಿ ಘರ್ಜನೆಯನ್ನೂ ಮೆಲುದನಿಯನ್ನೂ ಬಳಸುವವರು. 2011ರ ಆಲ್ಬಂನಿಂದ ಘರ್ಜನೆಯನ್ನು ಕೈಬಿಟ್ಟಿದ್ದ ಅವರು 2024ರ ಆಲ್ಬಂನಲ್ಲಿ ಮತ್ತೆ ಅದಕ್ಕೆ ಮರಳಿದಾಗಲೂ ದನಿ ಸರಿಯಾಗಿಯೇ ಇತ್ತು. ಆದರೆ ವಿಡಿಯೊ ನೋಡಿ ಅನುಕರಿಸುವುದು ಬೇಡ. ಹಾಡಿದ ಮೇಲೆ ಗಂಟಲು ನೋಯುತ್ತಿದ್ದರೆ ವಿಧಾನ ತಪ್ಪಾಗಿದೆಯೆಂದೇ ಅರ್ಥ. ಬಾಗಿಲು ಹಾಕಿಕೊಳ್ಳುವುದಕ್ಕೆ ಮಾತ್ರ ನಮ್ಮಲ್ಲಿ ಪರಿಹಾರವಿಲ್ಲ, ಆ ವಯಸ್ಸಿನಲ್ಲಿ ಭಾವಗೀತೆ ಕೇಳುವವರೂ ಹಾಕಿಕೊಳ್ಳುತ್ತಾರೆ.

ಪ್ರಶ್ನೆ: ಇಪ್ಪತ್ತು ನಿಮಿಷದ ಹಾಡನ್ನು ಕೇಳುವ ತಾಳ್ಮೆ ಯಾರಿಗಿದೆ?
— ಅಂಗಡಿ ಮಾಲೀಕರು, ಬೇಲೂರು

ಉತ್ತರ: ರಾಗ-ತಾನ-ಪಲ್ಲವಿಗೆ ಒಂದು ಗಂಟೆ, ಯಕ್ಷಗಾನಕ್ಕೆ ಇಡೀ ರಾತ್ರಿ ಕೂರುವ ನಾಡಿನಲ್ಲಿ ಈ ಪ್ರಶ್ನೆಯೇ? ಡ್ರೀಮ್ ಥಿಯೇಟರ್‌ನ 2002ರ ಒಂದು ರಚನೆ 42 ನಿಮಿಷದ್ದು. ಎಂಟು ಭಾಗಗಳಿವೆ, ನಡುವೆ ಎದ್ದು ಗಿರಾಕಿಯನ್ನು ವಿಚಾರಿಸಿಕೊಂಡು ಬರಬಹುದು.

ಪ್ರಶ್ನೆ: ನಮ್ಮ ಕಡೆ ಇಂಥ ಕಾರ್ಯಕ್ರಮ ನಡೆಯುವುದಿಲ್ಲ. ಕರ್ನಾಟಕದಲ್ಲಿ ಈ ಸಂಗೀತಕ್ಕೆ ನೆಲೆ ಎಲ್ಲಿದೆ?
— ಖಾಸಗಿ ಕಂಪನಿ ಉದ್ಯೋಗಿ, ಅರಸೀಕೆರೆ

ಉತ್ತರ: ಬೆಂಗಳೂರಿನಲ್ಲಿ. ಅಲ್ಲಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ನುಡಿಸಿದವು. 2012ರಲ್ಲಿ ಓಪೆತ್ ಕೂಡ ಬೆಂಗಳೂರಿಗೆ ಬಂದಿತ್ತು. ಆಗೆಲ್ಲ ಹಾಸನದ ಅಭಿಮಾನಿಗಳು ರೈಲಿನಲ್ಲಿ ಹೋಗಬೇಕಾದರೆ ನಿಮ್ಮ ಅರಸೀಕೆರೆಯನ್ನೋ ಮೈಸೂರನ್ನೋ ಬಳಸಬೇಕಿತ್ತು, 2017ರಲ್ಲಿ ಶ್ರವಣಬೆಳಗೊಳದ ಮೂಲಕ ನೇರ ಮಾರ್ಗ ತೆರೆಯಿತು. ಹೊರಗಿನವರನ್ನೇ ಕಾಯಬೇಕೆಂದೂ ಇಲ್ಲ: ಬೆಂಗಳೂರಿನ ಅಗಂ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್‌ನಲ್ಲಿ ಹಾಡುತ್ತದೆ, ಪ್ರಾಜೆಕ್ಟ್ ಮಿಶ್ರಂ ತಂಡ ಅದೇ ಸಂಗೀತವನ್ನು ಮೆಟಲ್‌ನೊಡನೆ ಬೆಸೆಯುತ್ತದೆ. ಇವೆರಡರಲ್ಲಿ ಎರಡನೆಯದು ತಾಳದ ದೃಷ್ಟಿಯಿಂದ ಹೆಚ್ಚು ಸಾಹಸಿ ಎಂದು ನಮಗನಿಸುತ್ತದೆ.

ಪ್ರಶ್ನೆ: ನಿವೃತ್ತನಾಗಿದ್ದೇನೆ, ಸಮಯವಿದೆ. ಮೊಮ್ಮಗ ಕೇಳುವ ಈ ಸಂಗೀತವನ್ನು ಎಲ್ಲಿಂದ ಆರಂಭಿಸಲಿ?
— ನಿವೃತ್ತ ಬ್ಯಾಂಕ್ ನೌಕರರು, ಕಡೂರು

ಉತ್ತರ: ಮೊದಲು ರಶ್‌ನ ‘ಮೂವಿಂಗ್ ಪಿಕ್ಚರ್ಸ್’; ಮೇಲೆ ಹೇಳಿದ ವಾದ್ಯರಚನೆಯೂ ಅದರಲ್ಲೇ ಇದೆ, ಕಿವಿಗೆ ಒರಟೆನಿಸುವುದಿಲ್ಲ. ಆಮೇಲೆ ಡ್ರೀಮ್ ಥಿಯೇಟರ್‌ನ 1992ರ ‘ಇಮೇಜಸ್ ಆ್ಯಂಡ್ ವರ್ಡ್ಸ್’. ಮೊದಲ ಸಲ ಹಾಡುಗಾರಿಕೆಯನ್ನು ಮಾತ್ರ, ಎರಡನೆಯ ಸಲ ಡ್ರಮ್ಸ್ ಅನ್ನು ಮಾತ್ರ ಹಿಂಬಾಲಿಸಿ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋದರೆ ಏನೂ ಸಿಗುವುದಿಲ್ಲ. ಘರ್ಜನೆಯ ದನಿಗೆ ಮನಸ್ಸು ಒಗ್ಗಿದ ಮೇಲೆ ಓಪೆತ್‌ನ 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಕೇಳಬಹುದು. ಮೆಶುಗ್ಗಾವನ್ನು ಕೊನೆಗೆ ಇಟ್ಟುಕೊಳ್ಳಿ, ಅದನ್ನು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ: ನೀವು ನಾಲ್ಕರ ತಾಳ ಹಾಕಿ, ಗಿಟಾರ್ ಎಷ್ಟರ ಸೊಲ್ಲು ನುಡಿಸುತ್ತಿದೆಯೆಂದು ಅವನು ಹೇಳಲಿ.