ಬಂಕ್ ಹೊಡೆಯುವವರ ವ್ಯಾಕರಣ

"ನಮ್ಮೂರ ಪ್ರಥಮ ದರ್ಜೆ ಕಾಲೇಜಿನ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ 'ಎರಡು ಪೀರಿಯಡ್ ಬಂಕ್ ಹೊಡ್ದೆ ಮಗಾ, ಪ್ರಾಕ್ಸಿ ಹಾಕ್ಸಿದೀನಿ' ಅನ್ನುತ್ತಾರೆ. ಇದು ಯಾವ ಭಾಷೆ? ಕೆಲಸಕ್ಕೆ ಚಕ್ಕರ್, ಊಟಕ್ಕೆ ಹಾಜರ್ ಎನ್ನುವ ಈ ಪೀಳಿಗೆಯಿಂದ ಕನ್ನಡ ಉಳಿದೀತೇ?"
– ಒಬ್ಬ ನಿವೃತ್ತ ಅಧ್ಯಾಪಕರು

ಮೇಷ್ಟ್ರೇ, ಸಿಟ್ಟಿನಲ್ಲೂ 'ಹಾಕ್ಸಿದೀನಿ'ಯನ್ನು ತಿದ್ದದೆ ಬರೆದು ಕಳಿಸಿದ್ದೀರಿ. ಅದಕ್ಕೊಂದು ನಮಸ್ಕಾರ. ಹುಡುಗಿಯರನ್ನು 'ಐಟಂ', 'ಫಿಗರ್' ಅನ್ನುವುದರ ಬಗ್ಗೆ ದೂರಿದ್ದರೆ ನಿಮ್ಮ ಜೊತೆಗೇ ನಿಲ್ಲುತ್ತಿದ್ದೆ. ಬಂಕ್ ಏನು ಪಾಪ ಮಾಡಿತು?

ನೀವು ಅಕ್ಕರೆಯಿಂದ ಎತ್ತಿಕೊಂಡ ಗಾದೆಯನ್ನೇ ನೋಡಿ. ಚಕ್ಕರ್ ಬಂದದ್ದು ಹಿಂದಿ ಕಡೆಯಿಂದ, ಹಾಜರ್‌ನ ಮೂಲ ಅರಬ್ಬಿ. ತರಗತಿಯಲ್ಲಿ ನೀವೇ ನೂರಾರು ಸಲ ಆಡಿರಬಹುದಾದ 'ನಾಪಾಸು' ಇನ್ನೂ ಸೊಗಸು: 'ನಾ' ಪಾರಸಿಯದು, 'ಪಾಸ್' ಇಂಗ್ಲಿಷಿನದು, ಕೊನೆಯ ಉಕಾರವೊಂದೇ ನಮ್ಮದು.

ಇನ್ನು ಬಂಕ್. ಹರಟೆ ಹೊಡೆ, ಗೊರಕೆ ಹೊಡೆ, ಉರು ಹೊಡೆ, ಡುಮ್ಕಿ ಹೊಡೆ ಇರುವ ಸಾಲಿನಲ್ಲಿ ಅದೂ ಬಂದು ಕೂತಿದೆ. 'ಗೊರಕೆಯನ್ನು ಹೊಡೆದ' ಅನ್ನದ ಹಾಗೆ 'ಬಂಕನ್ನು ಹೊಡೆದ' ಎಂದೂ ಯಾರೂ ಅನ್ನುವುದಿಲ್ಲ. ಪ್ರಾಕ್ಸಿಯನ್ನು, ಅಂದರೆ ಬಾರದವನ ಪರವಾಗಿ ಇನ್ನೊಬ್ಬ ಕೊಡುವ ಹಾಜರಿಯನ್ನು, ಮಾತ್ರ ಹೊಡೆಯುವುದಿಲ್ಲ, ಹಾಕುತ್ತಾರೆ. ಯಾಕೆ? ಹಾಜರಿ ಹಾಕುತ್ತೇವಲ್ಲ, ಅದಕ್ಕೆ. ಗೆಳೆಯನ ಕೈಲಿ ಮಾಡಿಸಿದರೆ 'ಹಾಕ್ಸು', ಅಪ್ಪಟ ಪ್ರೇರಣಾರ್ಥಕ. 'ಕೊರೀಬೇಡ' ಎಂಬುದನ್ನೂ ಕೇಳಿರುತ್ತೀರಿ. ರಂಧ್ರ ಕೊರೆಯುವುದಕ್ಕೂ ಬೇಜಾರು ಹಿಡಿಸುವುದಕ್ಕೂ ಇಂಗ್ಲಿಷಿನಲ್ಲಿ 'ಬೋರ್' ಒಂದೇ. ಹುಡುಗರು ಆ ಶ್ಲೇಷೆಯನ್ನು ಇಡಿಯಾಗಿ ಕನ್ನಡಕ್ಕೆ ಇಳಿಸಿಕೊಂಡಿದ್ದಾರೆ. ಭಾಷಾಂತರ ಸಮಿತಿಗಳು ಇಷ್ಟು ಚುರುಕಾಗಿದ್ದರೆ!

'ಶಬ್ದಮಣಿದರ್ಪಣ'ವೆಂಬ ಕನ್ನಡ ವ್ಯಾಕರಣ ಬರೆದ 13ನೇ ಶತಮಾನದ ಕೇಶಿರಾಜ ಮಡಿವಂತನೇ. ಆದರೂ ಸಂಸ್ಕೃತದ ಮಾತು ಕನ್ನಡಿಗರ ಬಾಯಲ್ಲಿ ಹೇಗೆ ಬದಲಾಗುತ್ತದೆಂದು ಹೇಳಲು ಅಪಭ್ರಂಶಕ್ಕೇ ಒಂದು ಪ್ರಕರಣ ಮೀಸಲಿಟ್ಟ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕುವ ಅರಿಸಮಾಸ ತಪ್ಪೆಂದವನೇ ಬಿರುದುಗಳಿಗೆ, ಹಳೆಯ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟ.

ಕನ್ನಡ ಕೆಟ್ಟಿರುವುದನ್ನು ನೋಡಬೇಕಿದ್ದರೆ ಅದೇ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಲ್ಲಿ: "ಹಾಜರಾತಿ ಕೊರತೆಯುಳ್ಳ ವಿದ್ಯಾರ್ಥಿಗಳು ಸದರಿ ದಿನಾಂಕದೊಳಗಾಗಿ ದಂಡ ಶುಲ್ಕವನ್ನು ಪಾವತಿಸತಕ್ಕದ್ದು." ಇದನ್ನು ಓದಿದ ಹುಡುಗಿ ಗೆಳತಿಗೆ ಹೇಳುತ್ತಾಳೆ: "ಶಾರ್ಟೇಜ್ ಇರೋರು ಶುಕ್ರವಾರದೊಳ್ಗೆ ಫೈನ್ ಕಟ್ಬೇಕಂತೆ." ಯಾವುದು ಕನ್ನಡ, ನೀವೇ ಹೇಳಿ. ಹಾಗೆ ನೋಡಿದರೆ, ಹಳ್ಳಿಯಿಂದ ಬರುವವರು ಕೊನೆಯ ಪೀರಿಯಡ್ ತಪ್ಪಿಸುವುದು ಎಷ್ಟೋ ಕಡೆ ಸೋಮಾರಿತನದಿಂದಲ್ಲ. ಮೂರೂವರೆಯ ಬಸ್ ಹೋದರೆ ಮುಂದಿನದು ಕತ್ತಲಾದ ಮೇಲೆ. ಶೇ. 75ರ ಹಾಜರಾತಿಯ ಲೆಕ್ಕ ಇಡುವವರು ಬಸ್ಸಿನ ವೇಳಾಪಟ್ಟಿಯನ್ನೂ ಒಮ್ಮೆ ನೋಡಬಾರದೇ? ಪಾಠ ಮಾಡಬೇಕಾದ ಅತಿಥಿ ಉಪನ್ಯಾಸಕರ ನೇಮಕವೇ ತಡವಾದಾಗ ಬಂಕ್ ಹೊಡೆದವರು ಯಾರೆಂದು ಬರೆದುಕೊಳ್ಳುವುದು?

ನಿಮ್ಮ ಕಿವಿ ಚುರುಕಾಗಿದೆ, ಬಿಡುವೂ ಇದೆ. ಆ ಬಸ್ ಸ್ಟ್ಯಾಂಡಿನ ಮಾತುಗಳನ್ನು ಬರೆದಿಡಿ. ಒಂದು ಪದಕ್ಕೆ ಒಂದು ಚೀಟಿ: ಆಡಿದ ಇಡೀ ವಾಕ್ಯ, ಊರು, ತಿಂಗಳು, ಯಾರು ಯಾರಿಗೆ ಹೇಳಿದ್ದು. ಬರೀ ಅರ್ಥ ಬರೆದರೆ ಹೊಡೆಯುವುದೋ ಹಾಕುವುದೋ ತಿಳಿಯದೆ ಹೋಗುತ್ತದೆ. 'ಇದಕ್ಕೇನಪ್ಪಾ ಅರ್ಥ' ಎಂದು ಕೇಳಲು ಮಾತ್ರ ಹೋಗಬೇಡಿ; ಮೇಷ್ಟ್ರ ಮುಂದೆ ಅವರು ಪುಸ್ತಕದ ಕನ್ನಡ ಆಡುತ್ತಾರೆ. ಐವತ್ತು ಚೀಟಿ ಆದ ಮೇಲೆ ಕಳಿಸಿ, ಎರಡು ಪುಟ ಬಿಟ್ಟಿರುತ್ತೇನೆ.

– ಸಂ.