ಡಿವಿಷನ್ ಇಳಿದ ಕ್ಲಬ್ ಮತ್ತೆ ಮೇಲೆ ಬರತ್ತಾ?

ನೀವು ಕೇಳಿದ್ರಲ್ಲ, ಇಂಗ್ಲೆಂಡ್ ರಗ್ಬಿಲಿ ರೆಲಿಗೇಟ್ ಆದ (ಕೆಳಗಿನ ಲೀಗ್‌ಗೆ ಇಳಿದ) ಕ್ಲಬ್ ಮತ್ತೆ ದೊಡ್ಡ ಟೀಮ್ ಆಗಿರೋದು ನಿಜವಾಗ್ಲೂ ಇದ್ಯಾ ಅಂತ. ಇದೆ ಸರ್, ನಾರ್ತಾಂಪ್ಟನ್ ಸೇಂಟ್ಸ್ ನೋಡಿ. 2007ರಲ್ಲಿ ಪ್ರೀಮಿಯರ್‌ಶಿಪ್‌ನಿಂದ, ಅಂದ್ರೆ ಅಲ್ಲಿನ ಟಾಪ್ ಲೀಗಿಂದ, ಕೆಳಗೆ ಬಿದ್ರು, ಆದ್ರೆ ಎಲ್ಲಾರನ್ನೂ ಮಾರ್ಕೊಂಡು ಕೂರ್ಲಿಲ್ಲ, ಕಾರ್ಲೋಸ್ ಸ್ಪೆನ್ಸರ್ ಥರದ ನ್ಯೂಜಿಲೆಂಡ್ ಸ್ಟಾರೇ ಕೆಳಗಿನ ಲೀಗಲ್ಲೂ ಉಳ್ಕೊಂಡ, ಜಿಮ್ ಮ್ಯಾಲಿಂಡರ್ ಹೊಸ ಕೋಚಾಗಿ ಬಂದ್ರು, ಆ ಸೀಸನ್ 30 ಲೀಗ್ ಮ್ಯಾಚಲ್ಲಿ 30ನ್ನೂ ಗೆದ್ದು ಒಂದೇ ವರ್ಷಕ್ಕೆ ವಾಪಸ್. ಅಷ್ಟಕ್ಕೇ ಮುಗೀಲಿಲ್ಲ, 2011ರಲ್ಲಿ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಹೈನೆಕೆನ್ ಕಪ್ ಫೈನಲ್‌ಗೆ ಹೋದ್ರು (ಹಾಫ್‌ಟೈಮಲ್ಲಿ 22-6 ಮುಂದಿದ್ದು ಐರ್ಲೆಂಡ್‌ನ ಲೆನ್‌ಸ್ಟರ್ ಕೈಲಿ ಸೋತ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ), 2014ರಲ್ಲಿ ಎಕ್ಸ್‌ಟ್ರಾ ಟೈಮಲ್ಲಿ ಸಾರಸೆನ್ಸ್ ಸೋಲಿಸಿ ಪ್ರೀಮಿಯರ್‌ಶಿಪ್ ಚಾಂಪಿಯನ್ನೇ ಆದ್ರು.

ಹಾರ್ಲೆಕ್ವಿನ್ಸ್ ಕಥೆನೂ ಹಾಗೇ, 2005ರಲ್ಲಿ ಇಳಿದು ಮರುವರ್ಷ ಹತ್ತಿದ್ರು, ಟೈಟಲ್ ಬಂದಿದ್ದು ಮಾತ್ರ 2012ಕ್ಕೆ. ಅಂದ್ರೆ ವಾಪಸ್ ಬರೋಕೆ ಒಂದು ವರ್ಷ, ಗೆಲ್ಲೋ ಟೀಮ್ ಕಟ್ಟೋಕೆ ಆರೇಳು ವರ್ಷ.

ಸಾರಸೆನ್ಸ್‌ದು ಬೇರೆ ಲೆಕ್ಕ ಬಿಡಿ, ಅವ್ರು 2020ರಲ್ಲಿ ಇಳಿದಿದ್ದು ಆಟದಿಂದಲ್ಲ, ಸ್ಯಾಲರಿ ಕ್ಯಾಪ್ (ಆಟಗಾರರ ಸಂಬಳಕ್ಕೆ ಇರೋ ಮಿತಿ) ಮುರಿದಿದ್ದಕ್ಕೆ. ಹಾಗಿದ್ರೂ ಕೆಳಗಿನ ಲೀಗಲ್ಲಿ ಮೊದಲ್ನೇ ಮ್ಯಾಚೇ ಕಾರ್ನಿಷ್ ಪೈರೇಟ್ಸ್ ಕೈಲಿ ಒದೆ ತಿಂದ್ರು! ಹಾಗಾಗಿ ನಿಮ್ಮ ಕ್ಲಬ್ ಇಳಿದಿದ್ರೆ, ದುಡ್ಡಿದ್ಯಾ ಅನ್ನೋದಕ್ಕಿಂತ ಮೊದ್ಲು, ಈ ಬೇಸಿಗೇಲಿ ಯಾರ್ಯಾರು ಉಳ್ಕೋತಾರೆ ನೋಡಿ.