ಕೆಲಸ ಹೋಯಿತು, ಸಂಬಳವೂ ಬಾಕಿ: ಓದುಗರ ಪ್ರಶ್ನೆ, ಕಾನೂನಿನ ಉತ್ತರ

ಪ್ರಶ್ನೆ: ಪ್ಯಾಕಿಂಗ್ ಘಟಕವೊಂದರಲ್ಲಿ ಆರು ವರ್ಷದಿಂದ ದುಡಿಯುತ್ತಿದ್ದೆ. ಮೂಲವೇತನ, ತುಟ್ಟಿಭತ್ಯೆ ಸೇರಿ 15,600 ರೂಪಾಯಿ ಸಂಬಳ. ಮೊನ್ನೆ ಸೂಪರ್‌ವೈಸರ್ 'ನಾಳೆಯಿಂದ ಬರಬೇಡ, ಆಳು ಹೆಚ್ಚಾಗಿದ್ದಾರೆ' ಎಂದರು. ರಾಜೀನಾಮೆಗೆ ಸಹಿ ಹಾಕಿದರೆ ಮಾತ್ರ ಎರಡು ತಿಂಗಳ ಬಾಕಿ ಸಂಬಳ ಕೊಡುತ್ತಾರಂತೆ. ಹಾಕಲೇ?

ಉತ್ತರ: ಖಂಡಿತ ಬೇಡ. ಸಹಿ ಬಿದ್ದರೆ ಅವರು ತೆಗೆದದ್ದಲ್ಲ, ನೀವೇ ಬಿಟ್ಟದ್ದು ಎಂದಾಗುತ್ತದೆ. ಬಾಕಿ ಸಂಬಳಕ್ಕೂ ರಾಜೀನಾಮೆಗೂ ಸಂಬಂಧವೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ, ಅವರು ತೆಗೆದರೂ ನೀವೇ ಬಿಟ್ಟರೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು.

ಬಾಯಿಮಾತಿನಲ್ಲಿ ತೆಗೆಯುವುದು ಹಳೆಯ ವರಸೆ. ಹತ್ತು ದಿನ ಬಿಟ್ಟು 'ಹೇಳದೆ ಕೇಳದೆ ಗೈರುಹಾಜರಾಗಿದ್ದೀರಿ' ಎಂಬ ನೋಟಿಸ್ ಬರುತ್ತದೆ. ಅದಕ್ಕೆ ಮೊದಲೇ, 'ಇಂಥ ದಿನ ಗೇಟಿನಲ್ಲಿ ತಡೆದಿರಿ, ಕೆಲಸಕ್ಕೆ ಈಗಲೂ ಸಿದ್ಧನಿದ್ದೇನೆ' ಎಂದು ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಅವರಿಂದ ಬರುವ ಕಾಗದವನ್ನು ಮಾತ್ರ ವಾಪಸ್ ಕಳಿಸಬೇಡಿ. ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ.

ಆಳು ಹೆಚ್ಚಾದರೆಂದು ತೆಗೆಯಬೇಕಾದರೂ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅಷ್ಟು ಸಂಬಳ, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಇಲ್ಲಿ ಅರ್ಧ ತಿಂಗಳೆಂದರೆ 7,800. ಆರು ವರ್ಷಕ್ಕೆ 46,800 ರೂಪಾಯಿ. ಗ್ರಾಚ್ಯುಟಿ ಬೇರೆಯೇ. ಅದರಲ್ಲಿ ತಿಂಗಳಿಗೆ 26 ದಿನ ಹಿಡಿಯುತ್ತಾರೆ: 15,600ನ್ನು 26ರಿಂದ ಭಾಗಿಸಿ, 15ರಿಂದಲೂ 6ರಿಂದಲೂ ಗುಣಿಸಿದರೆ 54,000. ಎರಡನ್ನೂ ಒಂದೇ ಎಂದು ತೋರಿಸಿ ಒಂದನ್ನು ನುಂಗುವವರಿದ್ದಾರೆ, ಚೀಟಿಯಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ.

ಅರ್ಜಿಗಳೂ ಎರಡು. ಕೆಲಸದಿಂದ ತೆಗೆದದ್ದನ್ನು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಕೊಡಿ. 45 ದಿನ ಕಳೆದರೂ ರಾಜಿಯಾಗದಿದ್ದರೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷ ಮೀರಬಾರದು. ಬಾಕಿ ಸಂಬಳದ ಕ್ಲೇಮನ್ನು ವೇತನ ಸಂಹಿತೆಯಡಿಯ ಪ್ರಾಧಿಕಾರಕ್ಕೆ ಕೊಡಿ. ಇದಕ್ಕೆ ಮೂರು ವರ್ಷ ಅವಕಾಶವಿದೆ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರವೂ ಆ ಪ್ರಾಧಿಕಾರಕ್ಕಿದೆ.

ಈ ನಡುವೆ 'ಪೂರ್ಣ ಮತ್ತು ಅಂತಿಮ' ಎಂದು ಚೆಕ್ ಬಂದರೆ ತೆಗೆದುಕೊಳ್ಳಿ, ರಸೀದಿಯಲ್ಲಿ 'ಆಕ್ಷೇಪಣೆಗೆ ಒಳಪಟ್ಟು' ಎಂದು ಕೈಬರಹದಲ್ಲೇ ಸೇರಿಸಿ.

ಪ್ರಶ್ನೆ: ನನಗೆ ನೇಮಕಾತಿ ಪತ್ರವಿಲ್ಲ, ಸಂಬಳ ನಗದಾಗಿ ಸಿಗುತ್ತಿತ್ತು. ಕೇಸ್ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ, ಆದರೆ ತೆಗೆದದ್ದಕ್ಕೆ ಪರಿಹಾರ ಕೇಳಲು ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದೀರೆಂದು ಮೊದಲು ತೋರಿಸಬೇಕಾದವರು ನೀವೇ. ನಿಮ್ಮ ಮಾತೊಂದೇ ಸಾಲದು. ಪಿಎಫ್ ಪಾಸ್‌ಬುಕ್, ಇಎಸ್ಐ ಕಾರ್ಡ್, ಗೇಟ್ ಪಾಸ್, ಶಿಫ್ಟ್ ಹಂಚಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಸಾಕ್ಷಿ. ಕಂಪನಿ ಗ್ರೂಪಿನಿಂದ ನಿಮ್ಮನ್ನು ತೆಗೆಯುವ ಮುನ್ನವೇ ಅವನ್ನು ತಾರೀಖು ಕಾಣುವಂತೆ ಉಳಿಸಿಕೊಳ್ಳಿ. ವಾರದ ರಜೆ, ಸಂಬಳಸಹಿತ ರಜೆಗಳೂ 240ರ ಲೆಕ್ಕಕ್ಕೆ ಸೇರುತ್ತವೆ. ಹಾಜರಿ ಪುಸ್ತಕ, ವೇತನ ರಿಜಿಸ್ಟರ್ ಕಂಪನಿಯ ಬಳಿ ಇರುವುದರಿಂದ, ಅವನ್ನು ಹಾಜರುಪಡಿಸಲು ಆದೇಶಿಸುವಂತೆ ನ್ಯಾಯಮಂಡಳಿಗೆ ಪ್ರತ್ಯೇಕ ಅರ್ಜಿ ಹಾಕಿ.